ಚಡ್ಡಿ ಹರಿದುಕೊಂಡ ಸೂಪರ್‌ಹೀರೋ

ಕಳೆದ ಚಳಿಗಾಲದಲ್ಲಿ ಮೂರು ವಾರ ನ್ಯೂಜೆರ್ಸಿಯ ಅಕ್ಕನ ಮನೆಯಲ್ಲಿದ್ದೆ. ಹೊರಗೆ ಕಾಲಿಡಲು ಆಗದಷ್ಟು ಹಿಮ. ಅಕ್ಕ ಭಾವ ಇಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ರಜೆಯಲ್ಲಿದ್ದ ಅವಳ ಮಗ, ಮತ್ತೆ ನನ್ನ ಟ್ಯಾಬ್. ಹುಡುಗನಿಗೆ ಹನ್ನೊಂದು ವರ್ಷ. ಸೂಪರ್‌ಹೀರೋ ಸಿನಿಮಾಗಳನ್ನೆಲ್ಲ ಅರೆದು ಕುಡಿದಿದ್ದಾನೆ. ಅವನ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಳ್ಳೋಣ ಅಂತ ನನ್ನ ಹತ್ತಿರ ಇದ್ದ ಹಳೇ ಕಾಮಿಕ್ಸ್ ತೆಗೆದೆ. ಎಲ್ಲ ಎರಡನೇ ಮಹಾಯುದ್ಧದ ಕಾಲದವು. ಆಗಿನ ಎಷ್ಟೋ ಅಮೆರಿಕನ್ ಪ್ರಕಾಶಕರು ಹಕ್ಕು ನವೀಕರಿಸದೆ ಬಿಟ್ಟರು. ಹಾಗಾಗಿ ಅವರ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಈಗ ಪುಕ್ಕಟೆ ಸಿಗುತ್ತವೆ. ಹುಡುಗ ಮೊದಲು ಮೂಗು ಮುರಿದ. ಬಣ್ಣ ಗೆರೆಯಿಂದಾಚೆ ಚೆಲ್ಲಿದೆ, ಮಾತು ಜಾಸ್ತಿ, ಎಲ್ಲರೂ ಹ್ಯಾಟು ಹಾಕಿದ್ದಾರೆ ಅಂದ. ಹತ್ತು ನಿಮಿಷದಲ್ಲಿ ಸೋಫಾದ ಮೇಲೆ ನನ್ನ ಭುಜಕ್ಕೆ ಒರಗಿ ಕಿಸಿಕಿಸಿ ನಗುತ್ತಿದ್ದ.

ನಗಿಸಿದ್ದು ಪ್ಲಾಸ್ಟಿಕ್ ಮ್ಯಾನ್. ಅದು ಮುಗಿದ ಮೇಲೆ ಅದೇ ಪ್ರಕಾಶಕರ ಇನ್ನೊಂದು ಪುಸ್ತಕ ತೆರೆದೆವು, ‘ಮಿಲಿಟರಿ ಕಾಮಿಕ್ಸ್’. ಅದರಲ್ಲಿ ಬ್ಲ್ಯಾಕ್‌ಹಾಕ್ ಅನ್ನುವ ವಿಮಾನ ಹಾರಿಸುವ ವೀರರ ತಂಡ. ನಾಜಿಗಳನ್ನು ಬಡಿಯುವುದೇ ಅವರ ಕೆಲಸ. ಆ ತಂಡದಲ್ಲಿ ಚಾಪ್ ಚಾಪ್ ಅಂತ ಒಬ್ಬ ಚೀನೀ ಅಡುಗೆಯವನಿದ್ದಾನೆ. ಚೆಂಡಿನ ಹಾಗೆ ದುಂಡು, ಅರಿಶಿನ ಬಳಿದ ಹಾಗೆ ಹಳದಿ, ಮುಂದೆ ಚಾಚಿದ ಹಲ್ಲು, ತಲೆಯಲ್ಲಿ ಪುಟ್ಟ ಜುಟ್ಟು, ಕೈಯಲ್ಲಿ ಮಾಂಸ ಕಡಿಯುವ ಮಚ್ಚು. ಅವನು ಎಡವಿ ಬಿದ್ದಾಗ ಹುಡುಗ ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಪುಟವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ.

“ಮಾಮ, ಇವನು ವಿಲನ್ನಾ?”

“ಅಲ್ಲ ಕಣೋ. ಹೀರೋಗಳ ಗುಂಪಿನವನೇ.”

“ಮತ್ತೆ ಯಾಕೆ ಹಿಂಗಿದ್ದಾನೆ?”

ಆಗಿನ ಕಾಲ ಹಾಗಿತ್ತು ಬಿಡು ಅಂದೆ. ಹುಡುಗ ಬಿಟ್ಟ. ನನಗೆ ಬಿಡಲು ಆಗಲಿಲ್ಲ. ಆಗಿನ ಕಾಲ ಹೇಗಿತ್ತು ಅನ್ನುವುದು ಒಂದು ಮಾತಾಯಿತು. ಈಗಿನ ಕಾಲದ ನಾನು ಯಾಕೆ ನಕ್ಕೆ, ಅದು ಬೇರೆ ಮಾತು ಅಲ್ವಾ?

ಹತ್ತು ಸೆಂಟಿನ ಪೊಟ್ಟಣ

ಇವತ್ತು ಕಾಮಿಕ್ಸ್ ಅಂದರೆ ಒಬ್ಬ ಹೀರೋ, ಒಂದು ಕಥೆ. ಆಗ ಹಾಗಿರಲಿಲ್ಲ. ಬೇಕರಿ ಮಿಕ್ಸ್ಚರ್ ಪೊಟ್ಟಣ ಇದ್ದ ಹಾಗೆ ಇರುತ್ತಿತ್ತು. ಹತ್ತು ಸೆಂಟು ಕೊಟ್ಟರೆ ಹೊದಿಕೆ ಬಿಟ್ಟು 64 ಪುಟ. ಅದರೊಳಗೆ ಮುಸುಕು ಹಾಕಿದ ಹೀರೋಗಳು ಮೂರೋ ನಾಲ್ಕೋ, ಒಬ್ಬ ಪತ್ತೇದಾರ, ಒಬ್ಬ ಜಾದೂಗಾರ, ನಡುನಡುವೆ ಒಂದೊಂದು ಪುಟದ ನಗೆ ಚಿತ್ರ, ಮತ್ತೆ ಎರಡು ಪುಟ ಬರೀ ಅಕ್ಷರದ ಕಥೆ. ಆ ಅಕ್ಷರದ ಕಥೆಯನ್ನು ಮಕ್ಕಳು ಓದುತ್ತಾರೆ ಅನ್ನುವ ಭ್ರಮೆ ಯಾರಿಗೂ ಇರಲಿಲ್ಲ. ನಿಯತಕಾಲಿಕೆಗಳಿಗೆ ಸಿಗುವ ಕಡಿಮೆ ಅಂಚೆ ದರ ಬೇಕಾದರೆ ಎರಡು ಪುಟ ಗದ್ಯ ಇರಬೇಕಿತ್ತು, ಅದಕ್ಕೆ ಹಾಕುತ್ತಿದ್ದರು. ಹೀಗೆ ಅಂಚೆ ಇಲಾಖೆಗೆಂದು ಬರೆದ ಎರಡು ಪುಟವೇ, ಮುಂದೆ ಸ್ಪೈಡರ್‌ಮ್ಯಾನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟ್ಯಾನ್ ಲೀ ಅವರ ಮೊದಲ ಪ್ರಕಟಿತ ಕಥೆ. ಅದು ಬಂದದ್ದು 1941ರ ಮೇ ತಿಂಗಳ ಕ್ಯಾಪ್ಟನ್ ಅಮೆರಿಕ ಸಂಚಿಕೆಯಲ್ಲಿ. ನಮ್ಮ ಹುಡುಗನಿಗೆ ಈ ಸಂಗತಿ ಹೇಳಿದಾಗ ಮಾತ್ರ ನನ್ನ ಬಗ್ಗೆ ಸ್ವಲ್ಪ ಗೌರವ ಬಂತು.

ನಾನು ಚಿಕ್ಕವನಿದ್ದಾಗ ಮಕ್ಕಳ ಪತ್ರಿಕೆ ಬಂದ ಕೂಡಲೇ ಬಾಲಮಂಗಳದ ಡಿಂಗನ ಪುಟಕ್ಕೆ ನೇರ ಹಾರುತ್ತಿದ್ದೆ. ಉಳಿದದ್ದೆಲ್ಲ ಆಮೇಲೆ, ಊಟಕ್ಕೆ ಕೂತಾಗ. ಮಿಕ್ಸ್ಚರ್ ಓದುವ ರೀತಿಯೇ ಅದು. ಮೊದಲು ಕಡಲೆಬೀಜ ಆರಿಸಿಕೊಳ್ಳುವುದು. ಅದಕ್ಕೇ ಇರಬೇಕು, ಈ ಅಮೆರಿಕನ್ ಪುಸ್ತಕಗಳನ್ನು ಓದಲು ಶುರು ಮಾಡಿದಾಗಲೂ ಹೀರೋ ಕಥೆ ಮಾತ್ರ ಓದಿ ನಗೆ ಪುಟಗಳನ್ನು ಸುಮ್ನೆ ದಾಟುತ್ತಿದ್ದೆ. ಅವು ಜಾಗ ತುಂಬಿಸಲು ಹಾಕಿದ್ದು ಅಂದುಕೊಂಡಿದ್ದೆ. ಹಾಗೆ ಹಾಕಿದ್ದೂ ನಿಜವೇ. ಆದರೆ ಎಂಬತ್ತು ವರ್ಷ ಆದ ಮೇಲೆ ಈಗ ಓದಿದರೆ ಹೀರೋಗಳು ಬಹಳ ಮಂದಿ ಒಂದೇ ಥರ ಕಾಣುತ್ತಾರೆ. ಅದೇ ಗುದ್ದು, ಅದೇ ಗೂಢಚಾರ, ಕೊನೆಗೆ ಅದೇ ಭಾಷಣ. ನಗೆಯ ಕಥೆಗಳಲ್ಲಿ ಮಾತ್ರ ಆಗಿನ ಮನೆ, ಬೀದಿ, ಅಂಗಡಿ, ಚಿಲ್ಲರೆ ಕಾಸು ಕಣ್ಣಿಗೆ ಬೀಳುತ್ತವೆ.

ಚಿಲ್ಲರೆ ಕಾಸು ಅಂದೆನಲ್ಲ. 1942ರಲ್ಲಿ ‘ಅಡ್ವೆಂಚರ್ ಕಾಮಿಕ್ಸ್’ನಲ್ಲಿ ಜೀನಿಯಸ್ ಜೋನ್ಸ್ ಅಂತ ಒಬ್ಬ ಹುಡುಗ ಬಂದ. ಹಡಗು ಒಡೆದು ಒಂಟಿ ದ್ವೀಪದಲ್ಲಿ ಸಿಕ್ಕಿಕೊಂಡು, ಜೊತೆಗಿದ್ದ ನೂರಾರು ಪುಸ್ತಕಗಳನ್ನು ಬಾಯಿಪಾಠ ಮಾಡಿದವನು. ನಗರಕ್ಕೆ ಬಂದು ಯಾರು ಏನು ಕೇಳಿದರೂ ಉತ್ತರ ಹೇಳುತ್ತಾನೆ. ಒಂದು ಪ್ರಶ್ನೆಗೆ ಹತ್ತು ಸೆಂಟು. ಜಗತ್ತನ್ನು ಉಳಿಸುವ ಸಂದರ್ಭ ಬಂದರೂ ಮೊದಲು ಹತ್ತು ಸೆಂಟು! ಓದುವ ಹುಡುಗನ ಜೇಬಿನಲ್ಲಿ ಇದ್ದದ್ದೂ ಅದೇ ಹತ್ತು ಸೆಂಟು. ಅದರಲ್ಲಿ ಒಂದು ಕಾಮಿಕ್ಸ್ ಕೊಳ್ಳಬಹುದು, ಇಲ್ಲವೇ ಸರ್ಕಾರದ ಒಂದು ಯುದ್ಧ ಉಳಿತಾಯದ ಸ್ಟ್ಯಾಂಪು. ಸ್ಟ್ಯಾಂಪುಗಳನ್ನು ಪುಸ್ತಕಕ್ಕೆ ಅಂಟಿಸುತ್ತಾ 18 ಡಾಲರ್ 75 ಸೆಂಟು ಕೂಡಿಸಿದರೆ 25 ಡಾಲರಿನ ಬಾಂಡ್. ಹತ್ತು ವರ್ಷ ಕಾಯಬೇಕು. ತಮಾಷೆ ಏನೆಂದರೆ, ಕಾಮಿಕ್ಸ್ ಬೇಡ, ಸ್ಟ್ಯಾಂಪ್ ತಗೋ ಅಂತ ಹೇಳುತ್ತಿದ್ದದ್ದು ಕಾಮಿಕ್ಸಿನ ಹೊದಿಕೆಗಳೇ. ಹಳೇ ಕಾಗದ ಒಟ್ಟುಮಾಡಿ ಕೊಡಿ ಅಂತಲೂ ಅವೇ ಹೇಳಿದವು. ಮಕ್ಕಳು ನಿಯತ್ತಾಗಿ ಕೊಟ್ಟರು, ಓದಿ ಮುಗಿಸಿದ ಕಾಮಿಕ್ಸನ್ನೂ ಸೇರಿಸಿ. ಇವತ್ತು ಆ ಸಂಚಿಕೆಗಳು ಅಷ್ಟು ಅಪರೂಪವಾಗಲು ಅದೂ ಒಂದು ಕಾರಣ. ಯುದ್ಧದ ಕಾಗದ ಕಡಿತದಿಂದ 64 ಪುಟ ಇಳಿಯುತ್ತಾ ಬಂದು, ಯುದ್ಧ ಮುಗಿಯುವ ಹೊತ್ತಿಗೆ 50ರ ಆಸುಪಾಸಿಗೆ ನಿಂತಿತ್ತು.

ಹಂಕಲ್ ಅಮ್ಮನ ಪಾತ್ರೆ

ಈಗ ನನಗೆ ಅತಿ ಇಷ್ಟವಾದವಳ ವಿಷಯ. ‘ಆಲ್-ಅಮೆರಿಕನ್ ಕಾಮಿಕ್ಸ್’ನಲ್ಲಿ ಶೆಲ್ಡನ್ ಮೇಯರ್ ಅನ್ನುವವರು ಸ್ಕ್ರಿಬ್ಲಿ ಎಂಬ ಹುಡುಗನ ಕಥೆ ಬರೆಯುತ್ತಿದ್ದರು. ಚಿತ್ರಕಾರನಾಗಬೇಕೆಂದು ಹಂಬಲಿಸುವ ಹುಡುಗ. (ಈ ಮೇಯರ್ ಸಾಮಾನ್ಯರಲ್ಲ. ಯಾರೂ ಮುಟ್ಟದೆ ಬಿದ್ದಿದ್ದ ಸೂಪರ್‌ಮ್ಯಾನ್ ಚಿತ್ರಗಳನ್ನು ನೋಡಿ, ಇದು ಚೆನ್ನಾಗಿದೆ, ಹಾಕಿ ಅಂತ ಪಟ್ಟು ಹಿಡಿದವರಲ್ಲಿ ಒಬ್ಬರು. ಆಗ ಅವರಿಗೇ ಇಪ್ಪತ್ತರ ಆಜುಬಾಜು.) ಅದೇ ಪುಸ್ತಕದಲ್ಲಿ 1940ರ ಜುಲೈನಿಂದ ಗ್ರೀನ್ ಲ್ಯಾಂಟರ್ನ್ ಬರತೊಡಗಿದ. ಬೆರಳಲ್ಲಿ ಮಾಯದ ಉಂಗುರ, ಬೆನ್ನಲ್ಲಿ ಮೇಲಂಗಿ, ಗಂಭೀರ ಮುಖ. ನಾಲ್ಕೇ ತಿಂಗಳಿಗೆ, ನವೆಂಬರ್ ಸಂಚಿಕೆಯಲ್ಲಿ, ಮೇಯರ್ ತಮ್ಮ ನಗೆಕಥೆಯಲ್ಲೂ ಒಬ್ಬ ಸೂಪರ್‌ಹೀರೋವನ್ನು ತಂದರು.

ಅವಳು ಮಾ ಹಂಕಲ್. ದಿನಸಿ ಅಂಗಡಿಯ ಯಜಮಾನಿ, ದಢೂತಿ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ರೌಡಿಗಳು ಅವಳ ಮಗಳನ್ನು ಎತ್ತಿಕೊಂಡು ಹೋಗುತ್ತಾರೆ. ಮಕ್ಕಳ ಬಾಯಲ್ಲಿ ಸದಾ ಗ್ರೀನ್ ಲ್ಯಾಂಟರ್ನ್ ಜಪ ಕೇಳಿದ್ದವಳು, ಸರಿ, ನಾನೇ ಹೋಗುತ್ತೇನೆ ಅಂತ ಹೊರಡುತ್ತಾಳೆ. ಮೈಗೆ ಚಳಿಗೆ ಹಾಕುವ ಕೆಂಪು ಉದ್ದ ಒಳಉಡುಪು, ಅದರ ಮೇಲೊಂದು ಚಡ್ಡಿ, ತಲೆಗೆ ಅಡುಗೆ ಮನೆಯ ಪಾತ್ರೆ, ಅದರಲ್ಲಿ ನೋಡಲು ಎರಡು ತೂತು. ಹೆಸರು ರೆಡ್ ಟಾರ್ನೇಡೊ. ಸರಿಯಾಗಿ ಕೇಳಿಸಿಕೊಳ್ಳದವರ ಬಾಯಲ್ಲಿ ಅದು ರೆಡ್ ಟೊಮೇಟೊ.

ಸೂಪರ್‌ಹೀರೋ ಅನ್ನುವ ಜಾತಿ ಹುಟ್ಟಿ ಆಗಿನ್ನೂ ಎರಡೂವರೆ ವರ್ಷ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಮಗು ನಡೆಯಲು ಕಲಿಯುವ ಮೊದಲೇ ಯಾರೋ ಅದರ ನಡಿಗೆಯನ್ನು ಅಣಕಿಸಿದ ಹಾಗಾಯಿತು. ಅದೂ ಅದೇ ಪುಸ್ತಕದಲ್ಲಿ. ನನ್ನ ಮಟ್ಟಿಗೆ ಈ ಬೆರಕೆ ಪುಸ್ತಕಗಳ ದೊಡ್ಡ ಗುಣವೇ ಇದು. ಹದಿನೈದು ಪುಟದ ಹಿಂದೆ ಉಂಗುರ ಎತ್ತಿ ಪ್ರತಿಜ್ಞೆ ಮಾಡಿದ ಗಂಡಸಿನ ಮೇಲೆ ನೀವು ಇಟ್ಟ ಭಕ್ತಿಯನ್ನು ಪಾತ್ರೆ ಹೊತ್ತ ಹೆಂಗಸು ಬಂದು ಸ್ವಲ್ಪ ಅಲ್ಲಾಡಿಸುತ್ತಾಳೆ. ಒಬ್ಬನೇ ಹೀರೋ ಇರುವ ಪುಸ್ತಕದಲ್ಲಿ ಹಾಗೆ ಮಾಡುವವರು ಯಾರು?

ಅವಳ ಇನ್ನೊಂದು ಪ್ರಸಂಗವಿದೆ. 1940ರ ಕೊನೆಯಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೇ ಸಂಚಿಕೆಯಲ್ಲಿ ಬೇರೆ ಬೇರೆ ಹೀರೋಗಳು ಮೊದಲ ಬಾರಿಗೆ ಒಂದೇ ಮೇಜಿನ ಸುತ್ತ ಕೂತರು. ಜಸ್ಟಿಸ್ ಸೊಸೈಟಿಯ ಮೊದಲ ಸಭೆ. ಇವತ್ತಿನ ಕೋಟಿಗಟ್ಟಲೆ ಡಾಲರಿನ ತಂಡದ ಸಿನಿಮಾಗಳಿಗೆಲ್ಲ ಮೂಲ ಅದೇ. ಆ ಸಭೆಗೆ ಹಂಕಲ್ ಅಮ್ಮನೂ ಬರುತ್ತಾಳೆ. ಬಂದವಳು ಕೂರುವುದಿಲ್ಲ, ಬೇಗ ಹೊರಟುಬಿಡುತ್ತಾಳೆ. ಯಾಕೆಂದರೆ ಬರುವಾಗ ಚಡ್ಡಿ ಹರಿದಿದೆ. ಅಷ್ಟೇ ಕಥೆ. ಇದನ್ನು ಹುಡುಗನಿಗೆ ಓದಿ ಹೇಳಿದಾಗ ಅವನು ಸೋಫಾದಿಂದ ಕೆಳಗೆ ಜಾರಿ ನಕ್ಕ. ಅಡುಗೆ ಮನೆಗೆ ಓಡಿ ಅಕ್ಕನ ಕುಕ್ಕರಿನ ಒಳಪಾತ್ರೆ ತಲೆಗೆ ಹಾಕಿಕೊಂಡು ಬಂದ. ಬೇಳೆ ಬೇಯಿಸುವ ಪಾತ್ರೆ. ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಕಣ್ಣಿನ ಪರೀಕ್ಷೆ

ಯುದ್ಧ ನಿಜವಾಗಿ ಬಂದಾಗ ಹೀರೋಗಳಿಗೆ ಒಂದು ಪೇಚು ಎದುರಾಯಿತು. ಕ್ಯಾಪ್ಟನ್ ಅಮೆರಿಕ ಹಿಟ್ಲರನ ದವಡೆಗೆ ಗುದ್ದಿದ ಹೊದಿಕೆ 1941ರ ಮಾರ್ಚಿನದು, ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ ಅಮೆರಿಕವನ್ನು ಯುದ್ಧಕ್ಕೆ ಎಳೆಯುವುದಕ್ಕಿಂತ ಮೊದಲಿನದು. ಜೋ ಸೈಮನ್ ಮತ್ತು ಜಾಕ್ ಕರ್ಬಿ ಎಂಬ ಇಬ್ಬರು ಯಹೂದಿ ಹುಡುಗರು ಮಾಡಿದ್ದು. ಆಗ ಅದು ಧೈರ್ಯದ ಕೆಲಸ. ಆದರೆ ನಿಜವಾದ ಅಣ್ಣ ತಮ್ಮಂದಿರು ಹಡಗು ಹತ್ತಿದ ಮೇಲೆ, ಬೆಟ್ಟ ಎತ್ತುವ ಸೂಪರ್‌ಮ್ಯಾನ್ ಮನೆಯಲ್ಲಿ ಏನು ಮಾಡುತ್ತಿದ್ದಾನೆ? ಅವನು ಹೋದರೆ ಒಂದು ಮಧ್ಯಾಹ್ನದಲ್ಲಿ ಯುದ್ಧ ಮುಗಿಯಬೇಕು. ಮುಗಿಯದಿದ್ದರೆ ಅವನು ಸುಳ್ಳು, ಮುಗಿಸಿದರೆ ಸತ್ತ ಸೈನಿಕರಿಗೆ ಅವಮಾನ.

ಇದನ್ನು ನಗೆಯಿಂದಲೇ ಬಿಡಿಸಿಕೊಂಡರು. 1942ರ ಫೆಬ್ರುವರಿಯಲ್ಲಿ, ಪತ್ರಿಕೆಗಳ ದಿನದ ಚಿತ್ರಕಥೆಯಲ್ಲಿ, ಕ್ಲಾರ್ಕ್ ಕೆಂಟ್ ಸೈನ್ಯಕ್ಕೆ ಸೇರಲು ಹೋಗುತ್ತಾನೆ. ಕಣ್ಣಿನ ಪರೀಕ್ಷೆ. ಅಕ್ಷರಗಳನ್ನು ಓದು ಅಂದರೆ ಉತ್ಸಾಹದಲ್ಲಿ ಗೋಡೆಯ ಆಚೆ, ಪಕ್ಕದ ಕೋಣೆಯಲ್ಲಿ ತೂಗುಹಾಕಿದ ಫಲಕವನ್ನು ಓದಿಬಿಡುತ್ತಾನೆ. ಡಾಕ್ಟರು ದೃಷ್ಟಿ ಸರಿಯಿಲ್ಲ ಅಂತ ಬರೆದು ಕಳಿಸುತ್ತಾರೆ. ಅದನ್ನು ಓದಿದಾಗ ಬರೀ ಜಾಣತನ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಸೂಪರ್‌ಮ್ಯಾನ್ ಚಿತ್ರ ಬರೆದ ಜೋ ಶುಸ್ಟರ್ ಅವರ ಕಣ್ಣು ನಿಜಕ್ಕೂ ಮಂದವಾಗಿತ್ತು, ಸೈನ್ಯಕ್ಕೆ ಅವರೂ ಹೋಗಲಾಗಲಿಲ್ಲ. ಈಗ ಆ ಪ್ರಸಂಗ ಓದಿದರೆ ನಗು ಬಂದು ಗಂಟಲಲ್ಲಿ ನಿಲ್ಲುತ್ತದೆ.

ಹೋದವರೂ ಇದ್ದರು. ಕರ್ಬಿ ಫ್ರಾನ್ಸಿನಲ್ಲಿ ಕಾಲಾಳುವಾಗಿ, ಚಳಿಗೆ ಕಾಲು ಕೆಟ್ಟು ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದರು. ‘ಸ್ಪಿರಿಟ್’ ಅನ್ನುವ ಪತ್ತೇದಾರಿ ಚಿತ್ರಕಥೆ ಬರೆದ ವಿಲ್ ಐಸ್ನರ್‌ಗೆ ಸೈನ್ಯ ಚಿತ್ರದ ಕೆಲಸವನ್ನೇ ಕೊಟ್ಟಿತು. ಲಾರಿ, ಜೀಪುಗಳನ್ನು ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ ಅಂತ ಸೈನಿಕರಿಗೆ ಹೇಳಿಕೊಡಬೇಕು. ಅವರು ಜೋ ಡೋಪ್ ಅನ್ನುವ ಪೆದ್ದ ಸೈನಿಕನನ್ನು ಮಾಡಿ, ಏನೇನು ಮಾಡಬಾರದೋ ಅದನ್ನೆಲ್ಲ ಅವನ ಕೈಲಿ ಮಾಡಿಸಿದರು. ಯಾವ ಮೇಲಂಗಿಯ ಹೀರೋಗಿಂತಲೂ ಈ ಪೆದ್ದನೇ ಯುದ್ಧಕ್ಕೆ ಹೆಚ್ಚು ಕೆಲಸಕ್ಕೆ ಬಂದ ಅನ್ನುವುದು ನನ್ನ ಅನುಮಾನ.

ಮನೆಯ ಕಡೆ ಉಳಿದ ಹೀರೋಗಳು? ‘ವರ್ಲ್ಡ್ಸ್ ಫೈನೆಸ್ಟ್’ನ 1943ರ ಒಂದು ಹೊದಿಕೆಯಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ರಾಬಿನ್ ಮೂವರೂ ತರಕಾರಿ ತೋಟದಲ್ಲಿದ್ದಾರೆ. ಮನೆಮನೆಯಲ್ಲಿ ತರಕಾರಿ ಬೆಳೆಯಿರಿ ಅಂತ ಸರ್ಕಾರ ಹೇಳುತ್ತಿದ್ದ ಕಾಲ. ಗ್ರಹ ತಡೆಯುವವನು ಮಣ್ಣಲ್ಲಿ ಕೈಯಿಟ್ಟಿದ್ದಾನೆ. ನನಗೆ ಹಿಟ್ಲರನಿಗೆ ಬಿದ್ದ ಗುದ್ದಿಗಿಂತ ಈ ಹೊದಿಕೆಯೇ ಇಷ್ಟ.

ದುಂಡಗಿನ ಇಬ್ಬರು

ಮತ್ತೆ ಸೋಫಾಕ್ಕೆ ಬರುತ್ತೇನೆ. ‘ಪೊಲೀಸ್ ಕಾಮಿಕ್ಸ್’ ಮತ್ತು ‘ಮಿಲಿಟರಿ ಕಾಮಿಕ್ಸ್’ ಎರಡರ ಮೊದಲ ಸಂಚಿಕೆಯೂ 1941ರ ಆಗಸ್ಟಿನದು. ಎರಡೂ ಕ್ವಾಲಿಟಿ ಅನ್ನುವ ಒಂದೇ ಪ್ರಕಾಶನದವು. ಮೊದಲನೆಯದರಲ್ಲಿ ಜಾಕ್ ಕೋಲ್ ಅವರ ಪ್ಲಾಸ್ಟಿಕ್ ಮ್ಯಾನ್ ಹುಟ್ಟಿದ. ಶುರುವಿಗೆ ಅವನು ಮುಖ್ಯ ಹೀರೋ ಅಲ್ಲ, ಹೊದಿಕೆಯಲ್ಲಿ ಬೇರೆ ಯಾರೋ ಇದ್ದರು. ಈಲ್ ಓ’ಬ್ರಿಯನ್ ಎಂಬ ಕಳ್ಳ, ಕಾರ್ಖಾನೆಗೆ ಕನ್ನ ಹಾಕುವಾಗ ಮೈಮೇಲೆ ಆಸಿಡ್ ಬಿದ್ದು, ಮೈ ರಬ್ಬರಿನ ಹಾಗೆ ಎಳೆದರೆ ಬರುತ್ತದೆ. ಆಮೇಲೆ ಕಳ್ಳರ ಗುಂಪಿನಲ್ಲಿ ಕಳ್ಳ, ಹೊರಗೆ ಪೊಲೀಸರ ಗೆಳೆಯ. ಕುರ್ಚಿ ಆಗುತ್ತಾನೆ, ಕಂಬಳಿ ಆಗುತ್ತಾನೆ. ಕೋಣೆಯಲ್ಲಿ ಕೆಂಪು ಬಣ್ಣದ ಸಾಮಾನು ಯಾವುದಿದೆ ಹುಡುಕು, ಅದೇ ಅವನು. ನಮ್ಮ ಹುಡುಗ ಪ್ರತಿ ಪುಟದಲ್ಲೂ ನನಗಿಂತ ಮೊದಲೇ ಹುಡುಕುತ್ತಿದ್ದ.

1942ರ ನವೆಂಬರಿನಲ್ಲಿ ಅವನಿಗೆ ವೂಜಿ ವಿಂಕ್ಸ್ ಜೊತೆಯಾದ. ಚುಕ್ಕೆ ಅಂಗಿ, ಹುಲ್ಲಿನ ಟೋಪಿ, ಗುಂಡುಗುಂಡಗೆ. ಮುಳುಗುತ್ತಿದ್ದ ಒಬ್ಬ ಮಾಂತ್ರಿಕನನ್ನು ಉಳಿಸಿದ್ದಕ್ಕೆ ಪ್ರಕೃತಿಯೇ ಅವನನ್ನು ಕಾಯುವ ವರ ಸಿಗುತ್ತದೆ. ಈ ವರದಿಂದ ಒಳ್ಳೆಯವನಾಗಲೋ ಕಳ್ಳನಾಗಲೋ ಅಂತ ನಾಣ್ಯ ಚಿಮ್ಮಿ ನೋಡುತ್ತಾನೆ. ಕಳ್ಳ ಅಂತ ಬೀಳುತ್ತದೆ. ಸರಿ, ಕಳ್ಳನಾಗುತ್ತಾನೆ! ಹಿಡಿಯಲು ಹೋದ ಪೊಲೀಸರ ಮೇಲೆ ಆಲಿಕಲ್ಲು ಸುರಿಯುತ್ತದೆ. ಜಗತ್ತೆಲ್ಲ ಒಳ್ಳೆಯವರು ಕೆಟ್ಟವರು ಅಂತ ಎರಡೇ ಪಾಲಾಗಿದ್ದ ವರ್ಷದಲ್ಲಿ, ಒಬ್ಬ ಮಾಜಿ ಕಳ್ಳ ಹೀರೋ, ನಾಣ್ಯ ಬಿದ್ದ ಕಡೆ ಹೊರಳಿದವನು ಅವನ ಬಂಟ. ಕೋಲ್ ಎಂಥ ಗಟ್ಟಿಗ ನೋಡಿ.

ವೂಜಿಯೂ ದುಂಡು, ಚಾಪ್ ಚಾಪ್ ಕೂಡ ದುಂಡು. ಇಬ್ಬರೂ ಪೆದ್ದರು, ಇಬ್ಬರೂ ಎಡವುತ್ತಾರೆ, ಇಬ್ಬರೂ ಕೊನೆಗೆ ಹೇಗೋ ಗೆಲ್ಲುತ್ತಾರೆ. ಹಾಗಾದರೆ ಒಂದಕ್ಕೆ ನಕ್ಕಾಗ ಏನೂ ಅನ್ನಿಸದೆ, ಇನ್ನೊಂದಕ್ಕೆ ನಕ್ಕಾಗ ಮಾತ್ರ ಬಾಯಿ ಕಹಿಯಾದದ್ದು ಯಾಕೆ? ಹಲವು ದಿನ ಇದೇ ತಲೆಯಲ್ಲಿ. ಒಂದು ರಾತ್ರಿ ಮತ್ತೆ ಬ್ಲ್ಯಾಕ್‌ಹಾಕ್ ತೆಗೆದೆ. ರೀಡ್ ಕ್ರ್ಯಾಂಡಲ್ ಬರೆದ ಪುಟಗಳು. ಮನುಷ್ಯನ ಮೈ ಬರೆಯುವುದರಲ್ಲಿ ಆತನಿಗೆ ಸಾಟಿಯಾದವರು ಆಗ ಬಹಳ ಕಡಿಮೆ. ಫ್ರೆಂಚನಿದ್ದಾನೆ, ಸ್ವೀಡನ್ನಿನವನಿದ್ದಾನೆ, ಪೋಲೆಂಡಿನವನು, ಅಮೆರಿಕದವನು. ಒಬ್ಬೊಬ್ಬರ ಮೂಗು, ಭುಜ, ಸಮವಸ್ತ್ರದ ಮಡಿಕೆ ಕೂಡ ನಿಜ. ಅವರ ನಡುವೆ ಚಾಪ್ ಚಾಪ್ ಒಬ್ಬ ಮಾತ್ರ ಬೇರೆ ಪುಸ್ತಕದಿಂದ ಕತ್ತರಿಸಿ ಅಂಟಿಸಿದ ಹಾಗಿದ್ದಾನೆ. ಅವನಿಗೆ ಸಮವಸ್ತ್ರವೂ ಇಲ್ಲ. ಚೀನಾ ಆಗ ಅಮೆರಿಕದ ಮಿತ್ರ ದೇಶ, ನೆನಪಿರಲಿ. ಮಿತ್ರನನ್ನು ಬರೆದದ್ದು ಹೀಗೆ. ಶತ್ರು ಜಪಾನೀಯರನ್ನು ಆ ಪುಸ್ತಕಗಳು ಹೇಗೆ ಬರೆದವು ಅಂತ ನಾನು ವಿವರಿಸಲು ಹೋಗುವುದಿಲ್ಲ. ಕ್ಲಾರ್ಕ್ ಕೆಂಟ್ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ಅದೇ 1942ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಒಂದು ಆಜ್ಞೆಗೆ ಸಹಿ ಹಾಕಿದರು. ಅದರಿಂದ ಜಪಾನೀ ಮೂಲದ ಸುಮಾರು 1.2 ಲಕ್ಷ ಜನ ಶಿಬಿರಗಳ ಪಾಲಾದರು, ಬಹುಪಾಲು ಅಮೆರಿಕದ ಪ್ರಜೆಗಳೇ.

ನನಗೆ ಹೊಳೆದದ್ದು ಇಷ್ಟು. ವೂಜಿ ಪೆದ್ದನಾದರೆ ಅದೇ ಪುಟದಲ್ಲಿ ಅವನಂಥ ಮೂಗು, ಅವನಂಥ ಬಣ್ಣದ ಹತ್ತು ಜಾಣರಿದ್ದಾರೆ. ಹಾಗಾಗಿ ನಾವು ನಗುವುದು ವೂಜಿಗೆ. ಚಾಪ್ ಚಾಪ್ ಪಕ್ಕದಲ್ಲಿ ಅವನ ಕಡೆಯವರು ಯಾರೂ ಇಲ್ಲ. ಆ ಪುಸ್ತಕ ಓದುವ ಹುಡುಗನಿಗೆ ಅವನೇ ಇಡೀ ಚೀನಾ. ನ್ಯೂಜೆರ್ಸಿಯ ಆ ತರಗತಿಯಲ್ಲಿ ನಮ್ಮ ಹುಡುಗನೂ ಕೆಲವು ಸಲ ಒಬ್ಬನೇ. ಅವನು ಆ ಚಿತ್ರವನ್ನು ಹಿಗ್ಗಿಸಿ ನೋಡಿದ್ದು ಅದಕ್ಕೇನಾ? ಕೇಳಲಿಲ್ಲ.

ಇದನ್ನು ಆಗಲೇ ಕೆಲವು ಮಕ್ಕಳು ಕಂಡುಕೊಂಡಿದ್ದರು. ಕ್ಯಾಪ್ಟನ್ ಮಾರ್ವೆಲ್ ಆ ವರ್ಷಗಳಲ್ಲಿ ಎಲ್ಲರಿಗಿಂತ ಹೆಚ್ಚು ಮಾರಾಟವಾಗುತ್ತಿದ್ದ ಹೀರೋ. ಸಂಚಿಕೆಗೆ ಹತ್ತು ಲಕ್ಷ ಪ್ರತಿ ದಾಟುತ್ತಿತ್ತು. ಒಳ್ಳೆ ನಗೆ ಇದ್ದ ಪುಸ್ತಕ ಅದು. ಎರಡು ವರ್ಷ ನಡೆದ ಒಂದು ಧಾರಾವಾಹಿಯಲ್ಲಿ ಜಗತ್ತನ್ನೇ ನಡುಗಿಸುವ ಖಳ ಯಾರು ಅಂದರೆ, ಕನ್ನಡಕ ಹಾಕಿದ ಒಂದು ಪುಟ್ಟ ಹುಳು! ಆದರೆ ಅದೇ ಹೀರೋಗೆ ಸ್ಟೀಮ್‌ಬೋಟ್ ಅನ್ನುವ ಕಪ್ಪು ಆಳು ಇದ್ದ. ದಪ್ಪ ತುಟಿ, ಪೆದ್ದು ಮಾತು. 1945ರಲ್ಲಿ ನ್ಯೂಯಾರ್ಕಿನ ಶಾಲೆಯ ಮಕ್ಕಳು ಪ್ರಕಾಶಕರ ಕಚೇರಿಗೇ ಹೋದರು. ಇವನು ನಗಿಸಲು ಇದ್ದಾನೆ, ಬಿಳಿಯರನ್ನೂ ಹೀಗೆ ತಮಾಷೆಯಾಗಿ ಬರೆಯುತ್ತೇವೆ ಎಂಬಂಥ ಉತ್ತರ ಸಿಕ್ಕಿತು. ಒಬ್ಬ ಹುಡುಗ ಆ ಚಿತ್ರ ಹಿಡಿದು, ಇದು ನಮ್ಮ ಜನ ಅಲ್ಲ, ಆದರೆ ನಿಮ್ಮ ಲಕ್ಷಾಂತರ ಓದುಗರು ಹಾಗೇ ಅಂದುಕೊಳ್ಳುತ್ತಾರೆ ಎಂಬ ಅರ್ಥದ ಮಾತು ಹೇಳಿದ. ಸ್ಟೀಮ್‌ಬೋಟ್ ಪುಸ್ತಕದಿಂದ ಹೋದ. ನಾನು ಒಂದು ವಾರ ಒದ್ದಾಡಿ ಹುಡುಕಿದ್ದನ್ನು ಆ ಹುಡುಗ ಒಂದು ಮಾತಲ್ಲಿ ಹೇಳಿದ್ದ.

ಯುದ್ಧ ಮುಗಿದ ಮೇಲೆ ಮೇಲಂಗಿಯವರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡರು. ‘ಪೆಪ್ ಕಾಮಿಕ್ಸ್’ನಲ್ಲಿ ಶೀಲ್ಡ್ ಅನ್ನುವ ದೇಶಭಕ್ತ ಹೀರೋನ ಹಿಂದೆ 1941ರ ಡಿಸೆಂಬರಿನಲ್ಲಿ ಜಾಗ ತುಂಬಿಸಲು ಬಂದ ಕೆಂಪು ಕೂದಲಿನ ಪೋಲಿ ಹುಡುಗ ಆರ್ಚಿ, 1946ರ ಹೊತ್ತಿಗೆ ಕಂಪನಿಗೇ ತನ್ನ ಹೆಸರು ಇಡಿಸಿಕೊಂಡ. ಅದೇ ವರ್ಷ ‘ಮೋರ್ ಫನ್’ನ ಹೀರೋಗಳನ್ನೆಲ್ಲ ‘ಅಡ್ವೆಂಚರ್’ಗೆ ಸಾಗಿಸಿ, ಆ ಪುಸ್ತಕವನ್ನು ನಗೆಗೇ ಬಿಟ್ಟರು. ಹತ್ತು ಸೆಂಟಿನ ಜೀನಿಯಸ್ ಜೋನ್ಸ್ ಅಲ್ಲಿ ಯಜಮಾನ. ಮುಂದಿನ ವರ್ಷ ಅದೂ ನಿಂತಿತು.

ಹೋದ ತಿಂಗಳು ಅಕ್ಕ ವೀಡಿಯೊ ಕಾಲ್ ಮಾಡಿದ್ದಳು. ಹುಡುಗ ಫೋನು ಕಿತ್ತುಕೊಂಡು ಕೇಳಿದ.

“ಮಾಮ, ಆ ಪಾತ್ರೆ ಆಂಟಿ ಚಡ್ಡಿ ಹೊಲಿದುಕೊಂಡು ಮೀಟಿಂಗಿಗೆ ವಾಪಸ್ ಬಂದಳಾ?”

“ಇಲ್ಲ ಕಣೋ. ಅವಳಿಗೆ ಅಂಗಡಿ ತೆರೆಯೋದಿತ್ತು.”

“ಯಾವ ಪಾತ್ರೆ?” ಅಂತ ಹಿಂದಿನಿಂದ ಅಕ್ಕನ ದನಿ ಬಂತು. ಹುಡುಗ ಕಾಲ್ ಕಟ್ ಮಾಡಿದ.